ಕಲ್ಪೇನಿಯಲ್ಲಿ ಒಂದು ಹಗಲು: ತಿಪಟೂರಿನ ತೋಟದಿಂದ ಹವಳದ ದ್ವೀಪಕ್ಕೆ

ಲಕ್ಷದ್ವೀಪಕ್ಕೆ ಹೋಗಿ ಬಂದೆವು ಅಂದ ಕೂಡಲೇ ನಮ್ಮ ತಿಪಟೂರಿನಲ್ಲಿ ಎಲ್ಲರೂ ಕೇಳುವುದು ಹಡಗಿನ ವಿಷಯ. ರೂಮು ಹೇಗಿತ್ತು, ಊಟ ಹೇಗಿತ್ತು, ತಲೆ ಸುತ್ತಿತಾ ಅಂತ. ಅದನ್ನೂ ಹೇಳುತ್ತೇನೆ. ಆದರೆ ಈ ಪ್ರವಾಸದ ಜೀವ ಇರುವುದು ದ್ವೀಪದಲ್ಲಿ ಇಳಿಯುವ ಹಗಲಿನಲ್ಲಿ. ಬೆಳಿಗ್ಗೆ ಇಳಿದರೆ ಸಂಜೆ ಕತ್ತಲಾಗುವ ಮೊದಲೇ ಹಡಗಿಗೆ ವಾಪಸ್. ಅಷ್ಟು ಹೊತ್ತನ್ನು ಹೇಗೆ ಹಂಚಿಕೊಳ್ಳಬೇಕು ಅನ್ನುವುದನ್ನು ಮೊದಲೇ ಯೋಚಿಸಿಕೊಂಡು ಹೋದರೆ ಒಂದೇ ಹಗಲಲ್ಲಿ ಎಷ್ಟೊಂದು ನೋಡಬಹುದು! ಕಲ್ಪೇನಿ ದ್ವೀಪದಲ್ಲಿ ನಾವು ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆಯಿಂದ ಹೋಗುವವರಿಗೆ, ಅದರಲ್ಲೂ ತೆಂಗು ಬೆಳೆಯುವವರಿಗೆ, ಉಪಯೋಗ ಆಗಲಿ ಅಂತ.

ನಾವು ಹೋದದ್ದು 'ಸಮುದ್ರಂ' ಅನ್ನುವ ಪ್ಯಾಕೇಜಿನಲ್ಲಿ. ಲಕ್ಷದ್ವೀಪ ಆಡಳಿತದ ಪ್ರವಾಸ ಸಂಸ್ಥೆ ಇದನ್ನು ನಡೆಸುತ್ತದೆ. ಆ ಸಂಸ್ಥೆಯನ್ನು ಚಿಕ್ಕದಾಗಿ ಸ್ಪೋರ್ಟ್ಸ್ ಅಂತ ಕರೆಯುತ್ತಾರೆ. ಕೊಚ್ಚಿಯಿಂದ ಎಂ.ವಿ. ಕವರತ್ತಿ ಹಡಗು ಹೊರಡುತ್ತದೆ. ರಾತ್ರಿ ಪ್ರಯಾಣ, ಹಗಲು ಒಂದೊಂದು ದ್ವೀಪ. ನಮ್ಮ ಸಲ ಮೊದಲು ಕಲ್ಪೇನಿ, ಆಮೇಲೆ ಮಿನಿಕಾಯ್, ಕೊನೆಗೆ ಕವರತ್ತಿ. ದ್ವೀಪದಲ್ಲಿ ಉಳಿದುಕೊಳ್ಳುವುದಿಲ್ಲ, ಮಲಗುವುದು ಹಡಗಿನಲ್ಲೇ. ಹೋದವರು ನಾಲ್ಕು ಜನ. ನಾನು, ನಮ್ಮ ಯಜಮಾನರು, ಗುಬ್ಬಿಯಿಂದ ನಮ್ಮ ಅಕ್ಕ, ಭಾವ. ನಾಲ್ಕು ಬರ್ತಿನ ಒಂದೇ ಕ್ಯಾಬಿನ್ ಸಿಕ್ಕಿತು. ಭಾವ ಬ್ಯಾಂಕಿನಲ್ಲಿದ್ದಾಗ ಕಾಸರಗೋಡಿನಲ್ಲಿ ಕೆಲಸ ಮಾಡಿದವರು. ಅವರಿಗೆ ಬರುವ ಮಲಯಾಳಂ ನಮಗೆ ಬಹಳ ನೆರವಾಯಿತು. ಅಲ್ಲಿ ಜನರ ಮಾತು ಮಲಯಾಳಂನದ್ದೇ ಒಂದು ಬಗೆ. ಮಿನಿಕಾಯ್‌ನಲ್ಲಿ ಮಾತ್ರ ಮಹಲ್ ಅನ್ನುವ ಬೇರೆಯೇ ಭಾಷೆ.

ಲಕ್ಷದ್ವೀಪದಲ್ಲಿ ಇರುವುದು 36 ದ್ವೀಪ. ಎಲ್ಲ ಸೇರಿ 32 ಚದರ ಕಿ.ಮೀ. ಅಷ್ಟೇ. ಜನ ವಾಸ ಮಾಡುವುದು 10 ದ್ವೀಪಗಳಲ್ಲಿ. ಸುಮ್ನೆ ಟಿಕೆಟ್ ತಗೊಂಡು ಹೋಗುವ ಹಾಗಿಲ್ಲ, ಪರವಾನಗಿ ಬೇಕು. ಅದಕ್ಕೆ ನಮ್ಮ ಠಾಣೆಯಿಂದ ಪೊಲೀಸ್ ಪ್ರಮಾಣಪತ್ರ ಮಾಡಿಸಿಕೊಂಡೆವು. ಆಧಾರ್ ಮತ್ತು ಪರವಾನಗಿಯ ನಕಲನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಒಬ್ಬೊಬ್ಬರ ಹತ್ತಿರ ಒಂದೊಂದು ಇಟ್ಟೆ. ದೋಣಿಯಲ್ಲಿ ನೀರು ಚಿಮ್ಮುತ್ತದೆ, ಕಾಗದ ಒದ್ದೆ ಆಗಬಾರದು.

ದಿನಾಂಕ ಆರಿಸುವಾಗ ಗೋಡೆಯ ಕ್ಯಾಲೆಂಡರನ್ನು ಎದುರಿಗೆ ಇಟ್ಟುಕೊಂಡೆ. ತಿಥಿ ನೋಡಿ ಬಿತ್ತನೆ ಮಾಡುವ ಮನೆಯವರು ನಾವು. ಸಮುದ್ರಕ್ಕಂತೂ ತಿಥಿ ಬಹಳ ಮುಖ್ಯ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಜಾಸ್ತಿ. ಅಷ್ಟಮಿ ಹತ್ತಿರ ಬಂದರೆ ಕಡಿಮೆ. ನೀರು ಸುಮಾರು ಆರು ಗಂಟೆ ಏರುತ್ತದೆ, ಆರು ಗಂಟೆ ಇಳಿಯುತ್ತದೆ. ದಿನದಿಂದ ದಿನಕ್ಕೆ ಆ ಹೊತ್ತು 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಹವಳದ ದ್ವೀಪದಲ್ಲಿ ಇದು ದೊಡ್ಡ ಮಾತು. ನೀರು ಇಳಿದಾಗ ಕಾಣುವ ದ್ವೀಪವೇ ಬೇರೆ, ಏರಿದಾಗ ಕಾಣುವುದೇ ಬೇರೆ. ಇಳಿತದಲ್ಲಿ ದಡದ ಉದ್ದಕ್ಕೂ ನಡೆದಾಡಬೇಕು. ಉಬ್ಬರದಲ್ಲಿ ನೀರಿಗೆ ಇಳಿಯಬೇಕು. ಇಳಿತದ ಹೊತ್ತಿನಲ್ಲಿ ಈಜಲು ಹೋದರೆ ಮೊಣಕಾಲುದ್ದ ನೀರಿನಲ್ಲಿ ಹವಳ ಮೈಗೆ ತರಚುತ್ತದೆ. ಹವಳಕ್ಕೂ ಪೆಟ್ಟು. ಸಿಕ್ಕ ದಿನಾಂಕಗಳಲ್ಲಿ ಹುಣ್ಣಿಮೆ ಕಳೆದು ನಾಲ್ಕೈದು ದಿನಕ್ಕೆ ಕಲ್ಪೇನಿ ಸೇರುವಂಥದ್ದು ಹಿಡಿಸಿತು. ಮಾಘ ಮಾಸ, ಸಮುದ್ರ ಶಾಂತವಾಗಿರುವ ಕಾಲ. ಮಳೆಗಾಲದಲ್ಲಿ ಈ ಪ್ಯಾಕೇಜೇ ಇರುವುದಿಲ್ಲ.

ಹಡಗಿನ ಬಗ್ಗೆ ಸ್ವಲ್ಪ. 700 ಜನ ಹಿಡಿಯುವ ಹಡಗು ಅದು. ಪ್ರವಾಸಿಗಳು ಅದರಲ್ಲಿ ಒಂದು ಪಾಲು ಅಷ್ಟೇ. ಉಳಿದವರು ದ್ವೀಪದ ಜನ. ಕೊಚ್ಚಿಯ ಆಸ್ಪತ್ರೆಗೆ ಬಂದು ಹೋಗುವವರು, ಓದುವ ಮಕ್ಕಳು, ಮದುವೆಗೆ ಸಾಮಾನು ತಗೊಂಡು ಹೋಗುವವರು. ಅವರಿಗೆ ಇದು ನಮ್ಮ ಕೆಂಪು ಬಸ್ಸು. ಹೊಟ್ಟೆ ತೊಳಸದಿರಲಿ ಅಂತ ಡಾಕ್ಟರು ಹೇಳಿದ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ನುಂಗಿದೆವು. ರಾತ್ರಿ ಹೊಟ್ಟೆ ಬಿರಿಯ ಊಟ ಮಾಡಲಿಲ್ಲ. ಮೇಲಿನ ಡೆಕ್ಕಿನಲ್ಲಿ ಗಾಳಿಗೆ ಕೂತು ದೂರದ ಗೆರೆ ನೋಡುತ್ತಿದ್ದರೆ ತಲೆ ಹಗುರ. ಇಷ್ಟೇ ಸಾಕಾಯಿತು.

ಡೆಕ್ಕಿನಲ್ಲಿ ಕೂತದ್ದರಿಂದ ಇನ್ನೂ ದೊಡ್ಡ ಲಾಭ ಆಯಿತು. ಪಕ್ಕದಲ್ಲಿ ಅಮಿನಿ ದ್ವೀಪದ ಹಿರಿಯರೊಬ್ಬರು ಇದ್ದರು. ನಾವು ಕರ್ನಾಟಕದವರು ಅಂದ ಕೂಡಲೇ "ಮಂಗಳೂರಾ?" ಅಂದರು. ಅವರ ದ್ವೀಪಕ್ಕೂ ಮಂಗಳೂರಿಗೂ ಹಳೆಯ ನಂಟು. 18ನೇ ಶತಮಾನದ ಕೊನೆಯಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ದ್ವೀಪಗಳು ಟಿಪ್ಪು ಸುಲ್ತಾನನ ಆಳ್ವಿಕೆಗೆ ಬಂದಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಕೈಗೆ ಹೋದವು. ಆಮೇಲೆ ದಕ್ಷಿಣ ಕನ್ನಡದ ಜೊತೆ ಸೇರಿಸಿದರು. 1956ರಲ್ಲಿ ಕೇಂದ್ರಾಡಳಿತ ಪ್ರದೇಶ ಆಗುವವರೆಗೂ ಅವುಗಳ ಆಡಳಿತ ಮಂಗಳೂರಿನಿಂದಲೇ. ತೆಂಗಿನ ಹುರಿಯನ್ನು ಹಾಯಿ ಕಟ್ಟಿದ ಓಡಂಗಳಲ್ಲಿ ಮಂಗಳೂರಿಗೆ ತಂದು, ಅಕ್ಕಿ ತುಂಬಿಕೊಂಡು ವಾಪಸ್ ಹೋಗುತ್ತಿದ್ದರಂತೆ. ತೆಂಗು ಬೆಳೆದು ಅಕ್ಕಿ ಕೊಂಡುಕೊಳ್ಳುವ ಬದುಕು. ನಮ್ಮ ಕಡೆ ಕೊಬ್ಬರಿ ಮಾರಿ ರಾಗಿ, ಅಕ್ಕಿ ತರುತ್ತಿದ್ದ ಮನೆಗಳ ನೆನಪಾಯಿತು ನನಗೆ.

ಅವರ ಮೂಲಕವೇ ಕಲ್ಪೇನಿಯ ಒಂದು ಕುಟುಂಬದ ಪರಿಚಯ ಆಯಿತು. ತಾಯಿ, ಮಗಳು. ನಾವು ತೆಂಗಿನ ತೋಟದವರು, ಕಾಯಿಯ ಮಟ್ಟೆ ಕೊಳೆಹಾಕುವುದು, ಹುರಿ ಮಾಡುವುದು, ಬಾವಿ ಇವೆಲ್ಲ ನೋಡಬೇಕು ಅಂತ ಭಾವ ವಿವರಿಸಿದರು. "ಬನ್ನಿ, ನಮ್ಮ ಮನೆ ಜೆಟ್ಟಿಗೆ ಹತ್ತಿರ" ಅಂದರು ಆ ತಾಯಿ. ಹಾಗಾಗಿ ನನ್ನ ಮೊದಲ ಸಲಹೆ ಇದು: ದ್ವೀಪ ನೋಡುವುದನ್ನು ಹಿಂದಿನ ರಾತ್ರಿ ಡೆಕ್ಕಿನಲ್ಲೇ ಶುರು ಮಾಡಿ. ಹಡಗಿನಲ್ಲಿ ನಿಮ್ಮ ಜೊತೆ ದ್ವೀಪದವರೇ ಇರುತ್ತಾರೆ. ಹಡಗಿನ ಸಿಬ್ಬಂದಿಯನ್ನು ನಾಳೆ ಇಳಿತ ಎಷ್ಟು ಹೊತ್ತಿಗೆ ಅಂತಲೂ ಕೇಳಿದೆ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಪೂರ್ತಿ ಇಳಿತ, ಮಧ್ಯಾಹ್ನ ಮೂರರ ಹತ್ತಿರ ಉಬ್ಬರ ಅಂದರು. ಬೆಳಿಗ್ಗೆ ನಡಿಗೆ, ಊಟದ ಮೇಲೆ ಈಜು ಅಂತ ಅಲ್ಲೇ ತೀರ್ಮಾನ ಆಯಿತು.

ಇನ್ನು ಇಳಿಯುವ ವಿಷಯ. ಇದನ್ನು ವಿವರವಾಗಿ ಬರೆಯಬೇಕು, ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಇದೇ ಭಯ. ಕಲ್ಪೇನಿಯಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ದ್ವೀಪದ ಸುತ್ತ ಹವಳದ ದಿಬ್ಬ ಇದೆ. ಅದರ ಹೊರಗೆ, ಆಳದ ನೀರಿನಲ್ಲೇ ಹಡಗು ನಿಲ್ಲುತ್ತದೆ. ಹಡಗಿನ ಪಕ್ಕದ ಬಾಗಿಲು ತೆಗೆದು, ಅಲ್ಲಿಂದ ಮೋಟಾರ್ ದೋಣಿಗೆ ಇಳಿಸುತ್ತಾರೆ. ಅಲೆಗೆ ದೋಣಿ ಮೇಲೆ ಕೆಳಗೆ ಆಡುತ್ತಿರುತ್ತದೆ. ಅಕ್ಕನಿಗೆ ಮೊಣಕಾಲು ನೋವು. ನೋಡಿದ ಕೂಡಲೇ "ನಾನು ಇಲ್ಲೇ ಇರ್ತೀನಿ ಕಣೇ, ನೀವು ಹೋಗಿ ಬನ್ನಿ" ಅಂದಳು.

ಅಕ್ಕನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹತ್ತು ನಿಮಿಷ ಬೇರೆಯವರು ಇಳಿಯುವುದನ್ನು ನೋಡಿದೆವು. ನೋಡಿದರೆ ಅದರದ್ದೊಂದು ಲಯ ಸಿಗುತ್ತದೆ. ಅಲೆ ದೋಣಿಯನ್ನು ಎತ್ತಿ ತರುತ್ತದೆ. ಬಾಗಿಲ ಮಟ್ಟಕ್ಕೆ ಬಂದಾಗ ಒಂದು ಗಳಿಗೆ ನಿಲ್ಲುತ್ತದೆ. ಆಗ ಹೆಜ್ಜೆ ಇಡಬೇಕು. ಹಾರಬಾರದು. ದೋಣಿ ಕೆಳಗೆ ಹೋಗುತ್ತಿರುವಾಗ ಕಾಲು ಚಾಚಲೇಬಾರದು. ಮೇಲೆ ಇಬ್ಬರು, ಕೆಳಗೆ ಇಬ್ಬರು ಸಿಬ್ಬಂದಿ ತೋಳು ಹಿಡಿದುಕೊಳ್ಳುತ್ತಾರೆ. ಅವರು "ಈಗ" ಅಂದಾಗ ಇಡಿ, ಅಷ್ಟೇ. ಎರಡೂ ಕೈ ಖಾಲಿ ಇರಬೇಕು. ಬ್ಯಾಗು, ಫೋನು ಎಲ್ಲವನ್ನೂ ಯಜಮಾನರು ಮೊದಲೇ ದೋಣಿಗೆ ಕೊಟ್ಟು ಇಳಿದಿದ್ದರು. ಅಕ್ಕ ಯಾವಾಗಲೂ ಸೀರೆ ಉಡುವವಳು. ಅವತ್ತು ಮಗಳ ಚೂಡಿದಾರ್ ಹಾಕಿಸಿದ್ದೆ, ಕಾಲಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ. ಲೈಫ್ ಜಾಕೆಟ್ ಎಲ್ಲರಿಗೂ ಕೊಡುತ್ತಾರೆ. ಒಂದೇ ಹೆಜ್ಜೆಗೆ ಅಕ್ಕ ದೋಣಿಯಲ್ಲಿದ್ದಳು. ಭಾವನ ಮುಖದಲ್ಲಿ ಆಗ ಕಂಡ ನೆಮ್ಮದಿ ಹೇಳತೀರದು.

ದೋಣಿ ದಿಬ್ಬದ ನಡುವಿನ ಸಂದಿಯಲ್ಲಿ ಒಳಗೆ ನುಗ್ಗುತ್ತದೆ. ಹೊರಗೆ ಕಡುನೀಲಿ. ದಿಬ್ಬದ ಮೇಲೆ ಅಲೆ ಒಡೆದು ಬಿಳಿ ನೊರೆ. ಅದನ್ನು ದಾಟಿದ ಕೂಡಲೇ ನೀರು ಹಸಿರಾಗಿ ತಿಳಿಯಾಗುತ್ತದೆ, ತಳದ ಮರಳು ಕಾಣುತ್ತದೆ, ಅಲೆ ಸದ್ದೂ ದೂರ ಆಗುತ್ತದೆ. ದಿಬ್ಬದ ಒಳಗಿನ ಈ ತಿಳಿನೀರಿನ ಭಾಗಕ್ಕೆ ಲಗೂನ್ ಅನ್ನುತ್ತಾರೆ. ಕಲ್ಪೇನಿಯ ಲಗೂನ್ ದ್ವೀಪಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ನೆಲ ಇರುವುದು 2.79 ಚದರ ಕಿ.ಮೀ. ನಮ್ಮ ಲೆಕ್ಕದಲ್ಲಿ 690 ಎಕರೆ ಹತ್ತಿರ. ಅಷ್ಟೇ ನೆಲದಲ್ಲಿ ಊರು, ಶಾಲೆ, ಮಸೀದಿ, ಆಸ್ಪತ್ರೆ, ತೋಟ ಎಲ್ಲವೂ ಇದೆ!

ಜೆಟ್ಟಿಯಲ್ಲಿ ಎಳನೀರು ಕೊಟ್ಟು ಬರಮಾಡಿಕೊಂಡರು. ಕಾಯಿ ಚಿಕ್ಕದು, ನೀರು ಸಿಹಿ. ಯಜಮಾನರು ಕುಡಿದು ಮುಗಿಸಿ, ಕಾಯಿ ಒಡೆಸಿ, ಗಂಜಿ ತೆಗೆದು, ಸಿಪ್ಪೆಯ ದಪ್ಪ ನೋಡಿ, ಆಮೇಲೆಯೇ ಮುಂದಕ್ಕೆ ಹೆಜ್ಜೆ ಇಟ್ಟದ್ದು. ಎಲ್ಲರನ್ನೂ ಕೂಮೆಲ್ ಅನ್ನುವ ಕಡೆಗೆ ವ್ಯಾನಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ದಡ ಬಾಗಿ ಬಂದಿದೆ, ಸ್ನಾನದ ಮನೆ, ಊಟದ ಚಪ್ಪರ ಎಲ್ಲ ಅಲ್ಲೇ. ಗೈಡ್ ಹುಡುಗನಿಗೆ ನಮ್ಮ ಯೋಚನೆ ಹೇಳಿದೆವು. ಊಟದ ಹೊತ್ತಿಗೆ ಕೂಮೆಲ್‌ಗೆ ಬರುತ್ತೇವೆ, ಅಲ್ಲಿಯವರೆಗೆ ನಮ್ಮನ್ನು ಪೂರ್ವದ ದಡಕ್ಕೂ ಆ ತಾಯಿಯ ಮನೆಗೂ ಬಿಡಿ ಅಂತ. ಅವನು ಖುಷಿಯಿಂದ ಒಂದು ಆಟೋ ಮಾಡಿಕೊಟ್ಟ.

ಪೂರ್ವದ ದಡದಲ್ಲಿ ಮೊದಲು ಕಣ್ಣಿಗೆ ಬೀಳುವುದು ಹವಳದ ಕಲ್ಲಿನ ಉದ್ದನೆಯ ದಿಣ್ಣೆ. ಮನುಷ್ಯರು ಪೇರಿಸಿದ್ದಲ್ಲ. 1847ರಲ್ಲಿ ಬಂದ ದೊಡ್ಡ ಚಂಡಮಾರುತದಲ್ಲಿ ಸಮುದ್ರವೇ ಈ ಬಂಡೆಗಳನ್ನು ಎತ್ತಿ ತಂದು ಒಗೆಯಿತು ಅನ್ನುತ್ತಾರೆ. ಎಷ್ಟೋ ಜನ ನೀರಿನಲ್ಲಿ ಕೊಚ್ಚಿಹೋದರು. ತೆಂಗಿನ ಮರಗಳು ಬಹುಪಾಲು ನೆಲಕ್ಕೆ ಬಿದ್ದವು. ಬದುಕಿ ಉಳಿದವರಲ್ಲೂ ಅನೇಕರು ಆಮೇಲಿನ ತಿಂಗಳುಗಳಲ್ಲಿ ಹಸಿವಿನಿಂದ ಸತ್ತರು. ಆ ಮಾತು ಕೇಳಿದಾಗ ನಾವು ನಾಲ್ಕೂ ಜನ ಸುಮ್ಮನಾದೆವು. ತೆಂಗಿನ ಸಸಿ ಇಟ್ಟರೆ ಫಲ ಕಾಣಲು ಎಷ್ಟು ವರ್ಷ ಬೇಕು ಅಂತ ನಮಗೆ ಗೊತ್ತು. ತೋಟ ಪೂರ್ತಿ ಮಲಗಿದ ಮೇಲೆ ಅವರು ಮತ್ತೆ ಗುಂಡಿ ತೆಗೆದು, ಮತ್ತೆ ಸಸಿ ಇಟ್ಟು, ಮತ್ತೆ ಬದುಕು ಕಟ್ಟಿದರು. ಈಗ ಆ ದಿಣ್ಣೆಯ ಹಿಂದೆಯೇ ತೆಂಗು ದಟ್ಟವಾಗಿ ನಿಂತಿದೆ.

ಇಳಿತದ ಹೊತ್ತು ಆಗಿತ್ತು. ಪಶ್ಚಿಮದ ದಡಕ್ಕೆ ಬಂದಾಗ ಲಗೂನಿನ ಅಂಚಿನಲ್ಲಿ ನೀರು ಬಹಳ ದೂರ ಸರಿದಿತ್ತು. ಒದ್ದೆ ಮರಳಿನಲ್ಲಿ ಅಲ್ಲಲ್ಲಿ ನೀರು ನಿಂತ ಗುಂಡಿಗಳು. ಒಂದೊಂದು ಗುಂಡಿಯ ಹತ್ತಿರವೂ ಕೂತು ನೋಡಬೇಕು. ಬೆರಳುದ್ದದ ಮೀನುಗಳು, ಶಂಖದ ಚಿಪ್ಪಿನೊಳಗೆ ಮನೆ ಮಾಡಿಕೊಂಡು ಓಡಾಡುವ ಏಡಿಗಳು, ಮರಳಿನ ಮೇಲೆ ಅಲುಗಾಡದೆ ಬಿದ್ದುಕೊಂಡಿರುವ ಕಪ್ಪು ಸಮುದ್ರ ಸೌತೆ. ಇದು ಗಿಡ ಅಲ್ಲ, ಪ್ರಾಣಿ. ಮರಳು ನುಂಗಿ ಅದರಲ್ಲಿರುವ ಕೊಳೆತ ಪದಾರ್ಥ ತಿಂದು, ಶುದ್ಧ ಮರಳನ್ನು ಹೊರಗೆ ಬಿಡುತ್ತದೆ. ನಮ್ಮ ತೋಟದ ಎರೆಹುಳು ಮಣ್ಣಿಗೆ ಏನು ಮಾಡುತ್ತದೋ ಇದು ಲಗೂನಿನ ಮರಳಿಗೆ ಅದನ್ನೇ ಮಾಡುತ್ತದೆ.

ಮರಳಿನ ಮೇಲೆ ಮಾತ್ರ ನಡೆದೆವು. ಕಲ್ಲಿನ ಹಾಗೆ ಕಂಡರೂ ಹವಳ ಜೀವ ಇರುವಂಥದ್ದು. ಚಿಕ್ಕ ಚಿಕ್ಕ ಜೀವಿಗಳು ಕೂಡಿ ಸುಣ್ಣದ ಮನೆ ಕಟ್ಟುತ್ತವೆ. ನೀರು ಅಳತೆ ಮೀರಿ ಬಿಸಿಯಾದರೆ ಅವುಗಳ ಮೈಯಲ್ಲಿ ಇದ್ದು ಊಟ ಒದಗಿಸುವ ಪಾಚಿ ಹೊರಟುಹೋಗಿ, ಹವಳ ಬೆಳ್ಳಗಾಗಿ, ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, 2024ರಲ್ಲಿ ಹೀಗೆ ದೊಡ್ಡ ಪ್ರಮಾಣದಲ್ಲಿ ಆಗಿದೆ. ಅಂಥ ಪೆಟ್ಟು ತಿಂದು ಚೇತರಿಸಿಕೊಳ್ಳುತ್ತಿರುವುದರ ಮೇಲೆ ನಾವು ಕಾಲಿಡಬಾರದು ಅಲ್ವಾ? ದಡದಲ್ಲಿ ಬಿದ್ದ ಹವಳದ ತುಂಡು ಚೆನ್ನಾಗಿದೆ ಅಂತ ಅಕ್ಕ ಕೈಗೆ ತಗೊಂಡಳು. "ಅಮ್ಮಾ, ಅದನ್ನ ಒಯ್ಯಬೇಡಿ" ಅಂದ ಆಟೋದ ಹುಡುಗ, ಮೆಲ್ಲಗೆ. ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತದೆ, ಒಣಗಿದ ತುಂಡು ಕೂಡ ತರುವ ಹಾಗಿಲ್ಲ. ಆ ತುಂಡುಗಳು ಪುಡಿಯಾಗಿಯೇ ಇಡೀ ದ್ವೀಪದ ಮರಳು ಆಗಿದೆ ಅಂತ ಅವನು ಹೇಳಿದ ಮೇಲೆ ಅಕ್ಕ ಅದನ್ನು ತೆಗೆದ ಜಾಗದಲ್ಲೇ ಇಟ್ಟಳು.

ಹಡಗಿನಲ್ಲಿ ಸಿಕ್ಕ ತಾಯಿಯ ಮನೆಗೆ ಹೋದದ್ದು ಆಮೇಲೆ. ನನಗೆ ಅವತ್ತಿನ ಹಗಲಿನಲ್ಲಿ ಎಲ್ಲಕ್ಕಿಂತ ಬೆಲೆ ಬಾಳುವ ಹೊತ್ತು ಇದೇ. ಮನೆ ಸುತ್ತ ತೆಂಗು. ನಮ್ಮಲ್ಲಿ 30 ಅಡಿಗೆ ಒಂದು ಮರ ಅಂತ ಸಾಲು ಹಿಡಿದು ಹಾಕುತ್ತೇವೆ. ಅಲ್ಲಿ ಸಾಲು ಗೀಲು ಇಲ್ಲ. ಹತ್ತಿರ ಹತ್ತಿರ, ಬಿಸಿಲು ಹುಡುಕಿಕೊಂಡು ಬಾಗಿ ಬೆಳೆದ ಮರಗಳು. ಬುಡದಲ್ಲಿ ಮಣ್ಣೇ ಇಲ್ಲ, ಬರೀ ಹವಳದ ಬಿಳಿ ಮರಳು. ಬಿದ್ದ ಸೋಗೆ, ಮಟ್ಟೆ ಅಲ್ಲಲ್ಲೇ ಕೊಳೆತು ಕಪ್ಪಾದ ಒಂದು ಪದರ. ಅದೇ ಗೊಬ್ಬರ. ಲಕ್ಷದ್ವೀಪ ಪೂರ್ತಿ ಸಾವಯವ ಪ್ರದೇಶ ಅಂತ 2020ರಲ್ಲಿ ಮಾನ್ಯತೆ ಸಿಕ್ಕಿದೆ, ರಾಸಾಯನಿಕ ಗೊಬ್ಬರ ಔಷಧಿ ಬಳಸುವುದಿಲ್ಲ. ನಮ್ಮಲ್ಲಿ ಕಪ್ಪುತಲೆ ಹುಳು, ನುಸಿ, ಕಾಂಡ ಸೋರುವ ರೋಗ ಅಂತ ಹೆಣಗಾಡುತ್ತೇವೆ. ಅವರನ್ನು ಕಾಡುವುದು ಮುಖ್ಯವಾಗಿ ಇಲಿ. ಮರದ ಸುಳಿಯಲ್ಲೇ ಗೂಡು ಮಾಡಿಕೊಂಡು, ಎಳೆ ಕಾಯಿ ತೂತು ಮಾಡಿ ಉದುರಿಸುತ್ತದೆ. ಮರಗಳು ಒತ್ತೊತ್ತಾಗಿ ಇರುವುದರಿಂದ ಸೋಗೆಯಿಂದ ಸೋಗೆಗೆ ದಾಟಿಕೊಂಡು ಓಡಾಡುತ್ತದೆ. ತೂತು ಬಿದ್ದ ಎಳೆ ಕಾಯಿಗಳನ್ನು ಆ ಮಗಳು ರಾಶಿ ಹಾಕಿ ತೋರಿಸಿದಳು.

ಕಾಯಿ ನಮ್ಮ ತಿಪಟೂರು ಟಾಲ್ ತಳಿಯ ಕಾಯಿಗಿಂತ ಚಿಕ್ಕದು. ಆದರೆ ಕೊಬ್ಬರಿಯಲ್ಲಿ ಎಣ್ಣೆ ಅಂಶ ಜಾಸ್ತಿ. ಈ ದ್ವೀಪದ ತಳಿಯಿಂದ ಆಯ್ಕೆ ಮಾಡಿ ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ 1985ರಲ್ಲಿ ಬಿಡುಗಡೆ ಮಾಡಿದ್ದೇ ಚಂದ್ರಕಲ್ಪ. ನಮ್ಮ ತಿಪಟೂರು ಟಾಲ್‌ನಿಂದ ಆಯ್ದದ್ದು ಕಲ್ಪತರು. ಮುಷ್ಟಿಯಷ್ಟೇ ದಪ್ಪದ ಕಾಯಿ ಬಿಡುವ ಮೈಕ್ರೋ ಅನ್ನುವ ತಳಿಯೂ ಲಕ್ಷದ್ವೀಪದ್ದೇ. ನಾವು ಕಾಯಿಯನ್ನು ಮಟ್ಟೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟು, ಒಳಗೆ ನೀರು ಆರಿ ಕೊಬ್ಬರಿ ಅಲ್ಲಾಡುವವರೆಗೆ ಕಾದು, ಉಂಡೆ ಕೊಬ್ಬರಿ ಮಾಡುತ್ತೇವೆ ಅಂದಾಗ ಆ ತಾಯಿಗೆ ಬಹಳ ಕುತೂಹಲ. ಅಟ್ಟದ ಎತ್ತರ ಎಷ್ಟು, ಹೊಗೆ ಹಾಕುತ್ತೀರಾ, ಇಲಿ ಬರುವುದಿಲ್ಲವಾ ಅಂತ ಒಂದೊಂದಾಗಿ ಕೇಳಿದರು. ಅಲ್ಲಿನ ತೇವದ ಗಾಳಿಯಲ್ಲಿ ಕಾಯಿ ಒಡೆದು ಬಿಸಿಲಿಗೆ ಒಣಗಿಸುವುದೇ ವಾಡಿಕೆ.

ಹುರಿ ಮಾಡುವ ಕೆಲಸ ಹೆಂಗಸರದ್ದು. ಮಟ್ಟೆಯನ್ನು ಲಗೂನಿನ ಅಂಚಿನ ಮರಳಿನಲ್ಲಿ ಗುಂಡಿ ತೆಗೆದು ಹೂಳುತ್ತಾರೆ. ಮೇಲೆ ಹವಳದ ಕಲ್ಲು ಹೇರುತ್ತಾರೆ, ಉಬ್ಬರಕ್ಕೆ ತೇಲಿ ಹೋಗದ ಹಾಗೆ. ತಿಂಗಳುಗಟ್ಟಲೆ ಉಪ್ಪುನೀರು ಬಂದು ಹೋಗಿ ಮಟ್ಟೆ ಮೆತ್ತಗಾಗುತ್ತದೆ. ಆಮೇಲೆ ಮರದ ಕೊಡತಿಯಲ್ಲಿ ಬಡಿದು ನಾರು ಬಿಡಿಸುತ್ತಾರೆ. ಆ ನಾರು ಬೆಳ್ಳಗೆ, ಮೃದುವಾಗಿ ಇರುತ್ತದೆ. ನಮ್ಮ ಕಡೆ ಒಣ ಮಟ್ಟೆಯನ್ನು ಮಿಲ್ಲಿಗೆ ಹಾಕಿ ತೆಗೆಯುವ ಕಂದು ನಾರೇ ಬೇರೆ. ನಾನೂ ಕೂತು ಒಂದು ಮಟ್ಟೆ ಬಡಿದೆ, ಅಂಗೈಯಲ್ಲಿ ಹೊಸೆದು ಒಂದು ಮೊಳ ಹುರಿ ಮಾಡಿದೆ. ಆ ತಾಯಿ ಎಳೆದು ನೋಡಿ ತಲೆಯಾಡಿಸಿದರು. ಮನೆ, ಮರ ಎಲ್ಲ ತಾಯಿಯಿಂದ ಹೆಣ್ಣುಮಕ್ಕಳ ಕಡೆಗೆ ಬರುವ ತರವಾಡು ಪದ್ಧತಿ ಅಲ್ಲಿನದು. "ಈ ಮರಗಳು ಯಾರ ಹೆಸರಿಗೆ?" ಅಂತ ಯಜಮಾನರು ಕೇಳಿದಾಗ "ನನ್ನವು, ಆಮೇಲೆ ಇವಳವು" ಅಂತ ಮಗಳ ಭುಜ ಮುಟ್ಟಿದರು. ಅಕ್ಕ ಆ ಮಾತನ್ನು ಭಾವನ ಹತ್ತಿರ ಎರಡು ಸಲ ಹೇಳಿಸಿಕೊಂಡಳು.

ಬಾವಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಹಿತ್ತಿಲಲ್ಲಿ ಕಲ್ಲು ಕಟ್ಟಿದ ಚಿಕ್ಕ ಬಾವಿ. ಬಗ್ಗಿ ನೋಡಿದರೆ ಆಳೆತ್ತರಕ್ಕೇ ನೀರು. ಸುತ್ತ ನಾಲ್ಕೂ ಕಡೆ ಸಮುದ್ರ, ಈ ನೀರು ಮಾತ್ರ ಸಿಹಿ! ನದಿ ಇಲ್ಲ, ಹಳ್ಳ ಇಲ್ಲ. ವರ್ಷಕ್ಕೆ 1600 ಮಿ.ಮೀ. ಸುಮಾರು ಮಳೆ ಬೀಳುತ್ತದೆ, ಅದು ಮರಳಿನಲ್ಲಿ ಇಂಗುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ. ಅದಕ್ಕೆ ನೀರಿನ ಮೇಲೆ ಎಣ್ಣೆ ನಿಂತ ಹಾಗೆ, ದ್ವೀಪದ ಹೊಟ್ಟೆಯಲ್ಲಿ ಉಪ್ಪುನೀರಿನ ಮೇಲೆ ಸಿಹಿನೀರು ತೆಳ್ಳಗೆ ನಿಂತಿರುತ್ತದೆ. ಉಬ್ಬರ ಬಂದರೆ ಬಾವಿಯ ನೀರೂ ಸ್ವಲ್ಪ ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ. ದೊಡ್ಡ ಮೋಟಾರ್ ಹಾಕಿ ಜೋರಾಗಿ ಎಳೆದರೆ ಕೆಳಗಿನ ಉಪ್ಪುನೀರು ಮೇಲೆ ಬಂದು ಬಾವಿ ಕೆಡುತ್ತದೆ. ಅದಕ್ಕೇ ಅವರು ಬೇಕಾದಷ್ಟೇ ಸೇದುತ್ತಾರೆ.

"ನಿಮ್ಮ ಬಾವಿ ಎಷ್ಟು ಆಳ?" ಅಂತ ಕೇಳಿದರು. ಸಾವಿರ ಅಡಿ ಬೋರ್ ಕೊರೆಸಿದ್ದೇವೆ, ಅದರಲ್ಲೂ ನೀರು ಬಂದದ್ದು ಒಂದೂವರೆ ಇಂಚು ಅಂತ ಭಾವ ಹೇಳಿದರು. ಆ ತಾಯಿಗೆ ಭಾವನ ಮಲಯಾಳಂ ತಪ್ಪಿರಬೇಕು ಅನ್ನಿಸಿತು. ನೂರಾ? ಅಂತ ತಿರುಗಿ ಕೇಳಿದರು. ಸಾವಿರವೇ ಅಂದಾಗ ಎದೆ ಮೇಲೆ ಕೈ ಇಟ್ಟುಕೊಂಡರು. ನಮ್ಮಲ್ಲಿ ವರ್ಷಕ್ಕೆ 600–700 ಮಿ.ಮೀ. ಮಳೆ. ಹೇಮಾವತಿ ನಾಲೆಯಲ್ಲಿ ನೀರು ಹರಿದು ಕೆರೆ ತುಂಬಿದ ವರ್ಷ ಮರಗಳ ಬಣ್ಣವೇ ಬೇರೆ. ತುಂಬದ ವರ್ಷ ಎಷ್ಟು ತೋಟಗಳ ಸುಳಿ ಒಣಗಿದೆ, ನೋಡಿದ್ದೇವೆ. ಆಳಕ್ಕೆ ಹೋದಷ್ಟೂ ನೀರು ಸಿಗುತ್ತದೆ ಅಂತ ನಾವು ನಂಬಿದೆವು. ಅವರಿಗೆ ಆಳಕ್ಕೆ ಹೋದರೆ ಸಿಗುವುದು ಉಪ್ಪು. ಇರುವ ಸಿಹಿನೀರು ಇಷ್ಟೇ ಅಂತ ಕಣ್ಣಿಗೆ ಕಾಣುವ ಹಾಗೆ ಬದುಕುತ್ತಿದ್ದಾರೆ. ಇದನ್ನು ನೋಡಿದ ಮೇಲೆ ನಮ್ಮ ಯಜಮಾನರು ಆ ಹಿತ್ತಿಲಲ್ಲೇ ನಿಂತು, ತೋಟದ ಮೇಲ್ಭಾಗದಲ್ಲಿ ಇಂಗುಗುಂಡಿ ತೆಗೆಸುವ ಮಾತು ಎತ್ತಿದರು. ಎಷ್ಟೋ ದಿನದಿಂದ ನಾನು ಹೇಳುತ್ತಿದ್ದ ಮಾತು ಅದು.

ಕುಡಿಯುವ ನೀರಿಗೆ ಈಗ ಸಮುದ್ರದ ನೀರನ್ನೇ ಸಿಹಿ ಮಾಡುವ ಘಟಕಗಳೂ ಬಂದಿವೆ. ಮೊದಲನೆಯದು 2005ರಲ್ಲಿ ಕವರತ್ತಿಯಲ್ಲಿ ಶುರುವಾಯಿತು, ದಿನಕ್ಕೆ 1 ಲಕ್ಷ ಲೀಟರ್. ಕಲ್ಪೇನಿಗೆ 2020ರಲ್ಲಿ ಬಂತು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಮಾಡಿದ್ದು. ಮೇಲಿನ ಬೆಚ್ಚಗಿನ ನೀರನ್ನು ಗಾಳಿಯ ಒತ್ತಡ ಕಡಿಮೆ ಮಾಡಿ ಆವಿ ಮಾಡುತ್ತಾರೆ. 350 ಮೀಟರ್ ಸುಮಾರು ಆಳದಿಂದ ಪೈಪಿನಲ್ಲಿ ತಂದ ತಣ್ಣನೆಯ ನೀರಿನಿಂದ ಆ ಆವಿಯನ್ನು ಮತ್ತೆ ನೀರು ಮಾಡುತ್ತಾರೆ. ದಡದ ಹತ್ತಿರವೇ ಸಮುದ್ರ ಅಷ್ಟು ಆಳ ಇರುವುದರಿಂದ ಅಲ್ಲಿ ಇದು ಸಾಧ್ಯ.

ಊಟಕ್ಕೆ ಕೂಮೆಲ್‌ಗೆ ಬಂದೆವು. ಅನ್ನ, ಸಾಂಬಾರು, ಎಲೆಕೋಸಿನ ಪಲ್ಯ, ಟ್ಯೂನಾ ಮೀನಿನ ಸಾರು, ಹಪ್ಪಳ. ಟ್ಯೂನಾವನ್ನು ಅಲ್ಲಿ ಬಲೆ ಬೀಸಿ ಹಿಡಿಯುವುದಿಲ್ಲ. ಜೀವಂತ ಚಿಕ್ಕ ಮೀನು ಎರಚಿ, ಟ್ಯೂನಾ ಮೇಲೆ ಬಂದಾಗ ಗಾಳದ ಕೋಲಿನಿಂದ ಒಂದೊಂದಾಗಿ ಎತ್ತುತ್ತಾರೆ. ಅಂದು ಸೋಮವಾರ, ಅಕ್ಕ ಮೀನು ಮುಟ್ಟಲಿಲ್ಲ. ಒಗ್ಗರಣೆ ಎಲ್ಲ ತೆಂಗಿನೆಣ್ಣೆಯದೇ. ಕಡಲೆಕಾಯಿ ಎಣ್ಣೆಗೆ ಒಗ್ಗಿದ ಬಾಯಿಗೆ ಮೊದಲ ತುತ್ತು ಬೇರೆ ಅನ್ನಿಸಿತು, ಎರಡನೆಯದಕ್ಕೆ ಹಿಡಿಸಿತು. ಹೊಟ್ಟೆ ಸ್ವಲ್ಪ ಹಗುರವಾಗಿಯೇ ಬಿಟ್ಟು, ಒಂದು ಗಂಟೆ ನೆರಳಲ್ಲಿ ಅಡ್ಡಾದೆವು. ಬಿಸಿಲಿನ ಬಗ್ಗೆ ಒಂದು ಮಾತು. ಬಿಳಿ ಮರಳು, ನೀರು ಎರಡೂ ಬೆಳಕನ್ನು ತಿರುಗಿಸಿ ಮುಖಕ್ಕೆ ಹೊಡೆಯುತ್ತವೆ. ತೋಟದಲ್ಲಿ ಬಿಸಿಲು ಕಂಡವರಿಗೂ ಅದು ಸುಡುತ್ತದೆ. ತುಂಬು ತೋಳಿನ ಬಟ್ಟೆ, ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕ ಇರಲೇಬೇಕು.

ಎರಡರ ಹೊತ್ತಿಗೆ ಲಗೂನ್ ತುಂಬುತ್ತಾ ಬಂದಿತ್ತು. ಬೆಳಿಗ್ಗೆಯೇ ನೀರಿಗೆ ಇಳಿದಿದ್ದವರು ದಣಿದು ಚಪ್ಪರದ ಕೆಳಗೆ ಕೂತಿದ್ದರು. ನಮಗೆ ಆಗ ಶುರು. ಅಲ್ಲಿನದು ಮುಸ್ಲಿಂ ಸಮಾಜ, ಊರಿನ ದಡದಲ್ಲಿ ಮೈ ತುಂಬ ಬಟ್ಟೆ ಇರುವುದು ಮರ್ಯಾದೆ. ನಾನು ನೈಲಾನ್ ಲೆಗ್ಗಿಂಗ್, ಉದ್ದ ತೋಳಿನ ಟಾಪ್ ತಂದಿದ್ದೆ. ಹತ್ತಿ ಬಟ್ಟೆ ನೀರು ಕುಡಿದು ಭಾರ ಆಗುತ್ತದೆ, ಬೇಡ. ಈಜು ನನಗೆ ಬಾವಿಯಲ್ಲಿ ಕಲಿತಷ್ಟು ಬರುತ್ತದೆ. ಆದರೂ ಲೈಫ್ ಜಾಕೆಟ್ ಬಿಚ್ಚಲಿಲ್ಲ. ಸ್ನಾರ್ಕೆಲ್ ಅಂದರೆ ಕಣ್ಣು ಮೂಗು ಮುಚ್ಚುವ ಕನ್ನಡಕ, ಬಾಯಿಯಲ್ಲಿ ಉಸಿರಾಡುವ ಕೊಳವೆ. ಸೊಂಟದಷ್ಟು ನೀರಿನಲ್ಲಿ ನಿಂತು, ಮುಖ ಮಾತ್ರ ಮುಳುಗಿಸಿ, ಬಾಯಲ್ಲೇ ಉಸಿರಾಡುವುದನ್ನು ಮೊದಲು ರೂಢಿ ಮಾಡಿಕೊಂಡೆ. ಐದು ನಿಮಿಷ ಸಾಕು. ಆಮೇಲೆ ಗೈಡ್ ಹುಡುಗ ಕೈ ಹಿಡಿದು ಹವಳ ಇರುವ ಕಡೆ ಕರೆದುಕೊಂಡು ಹೋದ.

ಕೊಂಬೆ ಕೊಂಬೆಯಾಗಿ ಬೆಳೆದ ಹವಳ, ಅದರ ಸಂದಿನಲ್ಲಿ ನೀಲಿ ಹಸಿರು ಮೀನುಗಳು, ಹಳದಿ ಪಟ್ಟೆಯವು, ಕೊಕ್ಕಿನಂಥ ಬಾಯಿಯಲ್ಲಿ ಹವಳದ ಮೇಲಿನ ಪಾಚಿ ಕೆರೆದು ತಿನ್ನುವ ಗಿಳಿಮೀನು. ಕಿವಿಗೊಟ್ಟರೆ ಅದು ಕೆರೆಯುವ ಕರಕರ ಸದ್ದು ನೀರಿನೊಳಗೆ ಕೇಳುತ್ತದೆ. ಅಲ್ಲಲ್ಲಿ ಸತ್ತ ಬೂದು ಹವಳವೂ ಕಂಡಿತು. ಅದರ ಮೇಲೆ ಬೆರಳ ತುದಿಯಷ್ಟು ಹೊಸ ಚಿಗುರು. ಹೊಸದನ್ನು ನೋಡಿ ಬಹಳ ಸಂತೋಷ ಆಯಿತು.

ಅಕ್ಕ, ಭಾವ ನೀರಿಗೆ ಇಳಿಯಲಿಲ್ಲ. ಅವರಿಗೆ ಗಾಜಿನ ತಳದ ದೋಣಿ. ತಿಲಕ್ಕಂ, ಪಿಟ್ಟಿ ಅಂತ ಎರಡು ಪುಟ್ಟ ದ್ವೀಪಗಳು ಅದೇ ಲಗೂನಿನಲ್ಲಿವೆ, ಆ ಕಡೆಗೆ ಒಂದು ಸುತ್ತು. ಅಕ್ಕ ಗಾಜಿನ ಮೇಲೆ ಬಗ್ಗಿ ಕೂತವಳು ದಡಕ್ಕೆ ಬರುವವರೆಗೂ ತಲೆ ಎತ್ತಲಿಲ್ಲವಂತೆ. ಬೆಳಿಗ್ಗೆ ಹಡಗಿನಲ್ಲೇ ಉಳಿಯುತ್ತೇನೆ ಅಂದವಳು ಆಮೆ ನೋಡಿಕೊಂಡು ಬಂದಳು!

ಹೊರಡುವ ಮೊದಲು ಆ ಮಗಳು ಕೂಮೆಲ್‌ವರೆಗೆ ಬಂದು ಒಂದು ಪೊಟ್ಟಣ ಕೊಟ್ಟಳು. ತೆಂಗಿನ ತುರಿ, ಬೆಲ್ಲದ ಉಂಡೆ, ಒಣ ಬಾಳೆಲೆಯಲ್ಲಿ ಸುತ್ತಿ ಕಟ್ಟಿದ್ದು. ಬೆಲ್ಲವೂ ತೆಂಗಿನದೇ. ಹೊಂಬಾಳೆಯಿಂದ ಇಳಿಸಿದ ನೀರಾ ಕಾಯಿಸಿ ಮಾಡುತ್ತಾರೆ. ದುಡ್ಡು ಬೇಡ ಅಂದಳು. ಅಕ್ಕ ತನ್ನ ಚೀಲದಲ್ಲಿದ್ದ ಉಂಡೆ ಕೊಬ್ಬರಿಯನ್ನು ಅವಳ ಕೈಗಿಟ್ಟಳು. ದಾರಿಗೆ ಅಂತ ಬೆಲ್ಲದ ಜೊತೆ ಕಟ್ಟಿಕೊಂಡು ಬಂದಿದ್ದಳು. ಆ ಹುಡುಗಿ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದಳು.

ದೋಣಿಯಿಂದ ಹಡಗಿಗೆ ಹತ್ತುವಾಗ ಬೆಳಗಿನದೇ ಕ್ರಮ, ದೋಣಿ ಮೇಲೆ ಬಂದಾಗ ಹೆಜ್ಜೆ. ಹಡಗಿನಲ್ಲಿ ಮೊದಲ ಕೆಲಸ ಸಿಹಿನೀರಿನಲ್ಲಿ ಚೆನ್ನಾಗಿ ಸ್ನಾನ. ಉಪ್ಪು ಮೈಮೇಲೆ ಒಣಗಿದರೆ ರಾತ್ರಿ ಕೆರೆತ. ಆಮೇಲೆ ಮಾರನೆಯ ದಿನದ ಲೆಕ್ಕ ಹಾಕಿದೆ. ಮಿನಿಕಾಯ್‌ನಲ್ಲಿ ಇಳಿತ ಇನ್ನೊಂದು ಮುಕ್ಕಾಲು ಗಂಟೆ ಮುಂದಕ್ಕೆ, ಹತ್ತರ ಸುಮಾರಿಗೆ. ಅಲ್ಲಿ 1885ರ ಲೈಟ್‌ಹೌಸ್ ಇದೆ, ಹತ್ತಲು ಬಿಸಿಲೇರುವ ಮೊದಲೇ ಒಳ್ಳೆಯದು. ಹಾಗಾಗಿ ಮೊದಲು ಲೈಟ್‌ಹೌಸ್, ಆಮೇಲೆ ಊರೊಳಗೆ ನಡಿಗೆ, ಈಜು ಊಟದ ನಂತರ. ಡೆಕ್ಕಿಗೆ ಹೋಗಿ ಮಿನಿಕಾಯ್‌ನವರು ಯಾರಾದರೂ ಇದ್ದಾರಾ ಅಂತ ಭಾವ ಆಗಲೇ ವಿಚಾರಿಸುತ್ತಿದ್ದರು.